ನಾಲ್ಕನೆಯದು

ಮೆಲ್ಬರ್ನ್ ರಸ್ತೆಯಲ್ಲಿ, ರಿಫೈನರಿಯ ಬೆಂಕಿನಾಲಿಗೆ ದಾಟುವಾಗ
ಹತ್ತಿತು ದೀಪ.
ಹಳದಿ. ತೊಗರಿಬೇಳೆಯಷ್ಟು.
ಎಂಜಿನ್ನಿನ ಚಿತ್ರವಂತೆ, ಮಗು ಬರೆದ ಆಮೆಯ ಹಾಗಿದೆ.
ಪೆಡಲ್ ಒತ್ತಿದರೆ ಓಗೊಡದು:
ಮುನ್ನೂರು ಚಿಲ್ಲರೆ ಕುದುರೆಗಳಲ್ಲಿ
ಅರ್ಧಕ್ಕರ್ಧ ಲಾಯ ಬಿಟ್ಟು ಬರಲೊಲ್ಲವು.
ಹಿಂದಿನ ಲಾರಿಯವನು ಹಾರ್ನ್ ಹೊಡೆದ.
ನಾನೂ ಬೈದೆ, ಕನ್ನಡದಲ್ಲಿ.

ನಾರ್ಲೇನಿನ ಮನೆಯೆದುರು ಕುಂಟುತ್ತ ಬಂದು ನಿಂತಾಗ
ಬೇಲಿಯಾಚೆ ಜ್ವೊಂಕೊ ಟೊಮ್ಯಾಟೊ ಗಿಡಗಳಿಗೆ ಕೋಲು ಕಟ್ಟುತ್ತಿದ್ದ.
ತಲೆ ಎತ್ತಲಿಲ್ಲ; ಕಿವಿ ನಿಮಿರಿತು.
"ಆರಿಸಬೇಡ," ಅಂದ.
ಒಂದು ನಿಮಿಷ ಕೇಳಿ
"ನಾಲ್ಕನೆಯದು," ಅಂದ.

ಹಳೇ ಕಾರು. ಎರಡು ಲಕ್ಷ ಎಂಬತ್ತೇಳು ಸಾವಿರ ಕಿಲೋಮೀಟರು.
ಫಾಲ್ಕನ್, ಟರ್ಬೊ, ಕಿತ್ತಳೆ ಬಣ್ಣ,
ಬಾನೆಟ್ಟಿನ ಮೇಲೆ ಬಿಸಿಲು ನೆಕ್ಕಿದ ಗುರುತು.
ಐವತ್ತರ ಹತ್ತಿರದ ಹೆಂಗಸಿಗೆ ಇದೆಲ್ಲ ಯಾಕೆ ಅಂದವರನ್ನು
ಒಂದೊಂದು ಸಲ ಕೂರಿಸಿಕೊಂಡು ಹೋಗಿದ್ದೇನೆ.
ಆಮೇಲೆ ಅವರು ಕೇಳಿಲ್ಲ.

ಇದರ ಎಂಜಿನ್ನಿಗೆ ಎರಕ ಹೊಯ್ದದ್ದು ಇದೇ ಜೀಲಾಂಗಿನಲ್ಲಿ.
ಆ ಎರಕದ ಮನೆಯಲ್ಲಿ ಮೂವತ್ತೊಂದು ವರ್ಷ ಬೆವರಿದವನು ಜ್ವೊಂಕೊ.
ಬಾಗಿಲು ಹಾಕಿದ ದಿನ ಬೂಟು ಬಿಚ್ಚಿ ಗೇಟಿನ ಬಳಿ ಇಟ್ಟು
ಬರೀ ಕಾಲುಚೀಲದಲ್ಲಿ ಮನೆಗೆ ನಡೆದನಂತೆ.
ಅವನು ಹೇಳಿದ್ದಲ್ಲ, ಹೆಂಡತಿ ಲ್ಯುಬಿಟ್ಸಾ ಹೇಳಿದ್ದು.

ಸ್ಟಿಯರಿಂಗಿನ ಕೆಳಗೆ ಸ್ಕ್ಯಾನರ್ ಚುಚ್ಚಿದೆವು.
ಪಿ ಸೊನ್ನೆ ಮೂರು ಸೊನ್ನೆ ನಾಲ್ಕು.
ನಾಲ್ಕನೇ ಮನೆಯಲ್ಲಿ ಒಲೆ ಹೊತ್ತುತ್ತಿಲ್ಲ, ಅಷ್ಟೇ ಅದರ ಮಾತು.
ಸೌದೆ ಹಸಿಯೋ, ಕಡ್ಡಿ ಗೀರುವವರಿಲ್ಲವೋ,
ಒಳಗಿನವರು ಮುನಿಸಿಕೊಂಡಿದ್ದಾರೋ,
ಅದನ್ನು ನಾವೇ ಹೋಗಿ ನೋಡಬೇಕು.

ಒಂದು ಐದು ಮೂರು ಆರು ಎರಡು ನಾಲ್ಕು,
ಉರಿಯುವ ವರಸೆಯನ್ನು ಬೆರಳಲ್ಲಿ ಬಡಿದು ತೋರಿಸಿದ.
ಒಂದು ಐದು ಮೂರು ಆರು ಎರಡು
ಖಾಲಿ.
ಕೋಲಾಟದಲ್ಲಿ ಒಬ್ಬಳು ಕೋಲು ಕೊಡದೆ ನಿಂತ ಹಾಗೆ.

ನಾಲ್ಕರ ಕಾಯಿಲ್ ಎರಡಕ್ಕೆ, ಎರಡರದ್ದು ನಾಲ್ಕಕ್ಕೆ.
ಕುಂಬಳಕಾಯಿ ಕಳ್ಳ ಅಂದಾಗ
ಹೆಗಲು ಮುಟ್ಟಿಕೊಳ್ಳುವುದು ಯಾವುದು, ನೋಡೋಣ.
ಗಾದೆಯನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದೆ.
"ಕುಂಬಳಕಾಯಿ ಯಾಕೆ ಕದ್ದ?" ಕೇಳಿದ, ನಿಜವಾಗಿಯೂ.

ಮತ್ತೆ ನಾಲ್ಕೇ. ಪ್ಲಗ್ ಬದಲಿಸಿದೆವು.
ಮತ್ತೆ ನಾಲ್ಕೇ.

ವಾರವಿಡೀ ನನ್ನ ಕೆಲಸವೂ ಇದೇ.
ಕತ್ತಲ ಕೋಣೆ, ತಣ್ಣನೆಯ ಜೆಲ್,
ಉಸಿರು ಹಿಡಿಯಿರಿ, ಬಿಡಿ.
ಬೂದು ಪರದೆಯಲ್ಲಿ ಕಂಡದ್ದನ್ನು ಮಿಲಿಮೀಟರಿನಲ್ಲಿ ಅಳೆಯುತ್ತೇನೆ.
ಹೇಳುವ ಹಕ್ಕಿಲ್ಲ, ಹೇಳುವುದು ಡಾಕ್ಟರು.
ನಾನೂ ಒಂದು ತೊಗರಿಬೇಳೆ ದೀಪ.
ಮಂಗಳವಾರ ಹನ್ನೊಂದೂ ಕಾಲಿಗೆ ಆ ಹಾಸಿಗೆಯಲ್ಲಿ ಮಲಗಿದ್ದವನು ಜ್ವೊಂಕೊ.
ಬಲ ಪಕ್ಕೆಯಡಿ ಒಂದು ಕಡೆ ನನ್ನ ಕೈ
ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಿತು.
ಅವನು ಕಿವಿಯ ಮನುಷ್ಯ.
ಗೊತ್ತಾಗದೆ ಇರಲಿಕ್ಕಿಲ್ಲ.

ಕೊನೆಗೆ ಸಿಕ್ಕಿದ್ದು ತಂತಿಯ ತುದಿಯಲ್ಲಿ:
ಉಗುರಿನಷ್ಟು ಪ್ಲಾಸ್ಟಿಕ್ ಕೊಂಡಿ, ಹಪ್ಪಳದ ಹಾಗೆ ಮುರಿದದ್ದು.
ಮೂರು ಸಲ ಬಿಚ್ಚಿ ಮೂರು ಸಲ ಹಾಕಿದ್ದೇವೆ, ಕಂಡಿರಲಿಲ್ಲ.
ಕೂತಂತೆ ನಟಿಸುತ್ತಿತ್ತು, ಕೂತಿರಲಿಲ್ಲ.
"ಕಬ್ಬಿಣಕ್ಕೆ ಏನೂ ಆಗಿಲ್ಲ," ಅಂದ,
ಮಗಳ ಅಂಕಪಟ್ಟಿ ನೋಡಿದವನಂತೆ.
"ಇಪ್ಪತ್ತು ವರ್ಷ ಬಿಸಿ ತಿಂದದ್ದು ಇದು, ಪಾಪ."
ಟೊಮ್ಯಾಟೊಗೆಂದು ಜೇಬಿನಲ್ಲಿದ್ದ ಕೇಬಲ್ ಟೈ ಬಿಗಿದ,
ಹೊಸದು ಬರುವ ತನಕ.

ಒಂದು ಐದು ಮೂರು ಆರು ಎರಡು ನಾಲ್ಕು.

ದೀಪ ಅಳಿಸಲು ಸ್ಕ್ಯಾನರಿನ ಗುಂಡಿಗೆ ಕೈ ಹಾಕಿದೆ. ತಡೆದ.
"ಅಳಿಸಿದರೆ ಹೋಗುವುದು ಬರಹ.
ನಾಲ್ಕು ದಿನ ಓಡಿಸು. ಸರಿಯಾಗಿದ್ದರೆ ತಾನೇ ಆರುತ್ತದೆ."

ಕೈ ಒರೆಸಿಕೊಂಡ. ಚಿಂದಿಬಟ್ಟೆಯನ್ನು ಮಡಿಸಿದ,
ಇನ್ನೊಮ್ಮೆ ಮಡಿಸಿದ.
"ಹಳದಿ ತಾನೇ?" ಅಂದ. "ಕೆಂಪಲ್ಲವಲ್ಲ?"

ಯಾವುದು ಎಂದು ನಾನು ಕೇಳಲಿಲ್ಲ.
"ಗುರುವಾರ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ,"
ಅಂದೆ, "ಇದರಲ್ಲಿ."

ಬೇಲಿಯಾಚೆ ಹೋಗಿ ಅವನು
ಬಿಟ್ಟ ಗಿಡದಿಂದಲೇ ಮತ್ತೆ ಕಟ್ಟತೊಡಗಿದ.